ತಾಡಪತ್ರಿ ಹೊದಿಸಿದ ಆ ಅಣ್ಣನಿಗೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಹಳೇ ಮನೆಯ ರಿಪೇರಿ ನಡೆದಿದೆ. ಪಡಸಾಲೆಗೆ ಸಾಗವಾನಿಯ ತೂಗುಮಂಚ ಬೇಕು ಅಂತ ಅವ್ವನ ಆಸೆ. 3 ತಿಂಗಳು ಹುಡುಕಿದ ಮೇಲೆ ಹಳೇ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಹಿತ್ತಾಳೆ ಸರಪಳಿ ಸಮೇತ!

ಕಳೆದ ಶನಿವಾರ ಬಾಡಿಗೆ ಟೆಂಪೋದಲ್ಲಿ ತರುವಾಗ ನವನಗರದ ಹತ್ತಿರ ಧೋ ಅಂತ ಮಳೆ. ಹಳೇ ಪಾಲಿಶ್ ಪೂರ್ತಿ ಕೆರೆದು ತೆಗೆದಿದ್ದರು. ಬರೀ ಮರ ನೀರು ಕುಡಿದರೆ ಉಬ್ಬುತ್ತದೆ, ಕಲೆ ಬೀಳುತ್ತದೆ. ಹೊದಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಳುವೇ ಬಂತು.

ಟೆಂಪೋ ಅಣ್ಣ ಮಾತಿಲ್ಲದೆ ಗಾಡಿ ಬದಿಗೆ ಹಾಕಿದರು. ಸೀಟಿನ ಹಿಂದಿದ್ದ ತಾಡಪತ್ರಿ ತೆಗೆದು ಹೊದಿಸಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದರು. ತಾವು ಪೂರ್ತಿ ತೊಯ್ದುಹೋದರು. ಮನೆ ಮುಟ್ಟಿದ ಮೇಲೂ ಹೆಗಲ ಮೇಲಿನ ಟವೆಲ್‌ನಿಂದ ಮೊದಲು ಒರೆಸಿದ್ದು ಸರಪಳಿಯನ್ನು, ಆಮೇಲೆ ತಮ್ಮ ತಲೆಯನ್ನು.

"ಅಕ್ಕಾರ, ಬಿಸಿಲಿಗೆ ಇಡಬ್ಯಾಡ್ರಿ, ಸೀಳತೈತಿ. ನೆಳ್ಳಾಗ ಒಣಗಸ್ರಿ, ಆಮ್ಯಾಲೆ ಅಗಸಿ ಎಣ್ಣಿ ಹಚ್ರಿ" ಅಂದರು. ಜಾಸ್ತಿ ದುಡ್ಡು ಮುಟ್ಟಲಿಲ್ಲ. ನಿಂತಲ್ಲೇ ಚಹಾ ಕುಡಿದು ಹೊರಟರು. ಗಡಿಬಿಡಿಯಲ್ಲಿ ಹೆಸರೂ ಕೇಳಲಿಲ್ಲ ನಾನು.

ಅಣ್ಣಾ, ಮಂಚ ಈಗ ನೆರಳಲ್ಲೇ ಒಣಗುತ್ತಿದೆ. ಒಂದು ಕಲೆಯೂ ಇಲ್ಲ. ಅವ್ವ ದಿನಾ ಹೋಗಿ ಮುಟ್ಟಿ ನೋಡುತ್ತಾಳೆ. ನಿಮಗೆ ನಮ್ಮಿಬ್ಬರ ಧನ್ಯವಾದ.