ನಾಣ್ಯದ ಕಿಂಡಿ ಮತ್ತೆ ತೆರೆಯಿರಿ

ಗೆ,
ವ್ಯವಸ್ಥಾಪಕರು,
ಕುಡಿಯುವ ನೀರಿನ ಘಟಕಗಳ ನಿರ್ವಹಣಾ ವಿಭಾಗ,
ಹುಬ್ಬಳ್ಳಿ ಕಚೇರಿ.

ವಿಷಯ: ಪುಣೆಯ ಧಾಯರಿಯಲ್ಲಿರುವ ನಿಮ್ಮ ಘಟಕದಲ್ಲಿ ನಾಣ್ಯ ನಿಲ್ಲಿಸಿರುವುದು, ಅಳತೆ ಕಡಿಮೆ ಬರುತ್ತಿರುವುದು ಮತ್ತು ನೀರಿನ ಪರೀಕ್ಷೆಯ ಬಗ್ಗೆ ದೂರು.

ಮಾನ್ಯರೇ,

ನಾನು ಇಂಡಿ ತಾಲೂಕಿನವಳು. ಹನ್ನೊಂದು ವರ್ಷದಿಂದ ಧಾಯರಿಯಲ್ಲಿದ್ದೇನೆ. ಗಂಡ ಗೌಂಡಿ, ನಾನು ಅದೇ ಸೈಟಿನಲ್ಲಿ ಇಟ್ಟಿಗೆ ಹೊರುತ್ತೇನೆ. ಓಣಿಯಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು. ಖಡಕವಾಸಲಾ ಅಣೆಕಟ್ಟು ಇಲ್ಲಿಂದ ದೂರವೇನಿಲ್ಲ, ಆದರೆ ನಮ್ಮ ತಗಡಿನ ಶೆಡ್ಡುಗಳಿಗೆ ನಳ ಇಲ್ಲ. ಬಳಸಲು ಟ್ಯಾಂಕರ್ ನೀರು, ಕುಡಿಯಲು ನಿಮ್ಮ ಘಟಕದ ನೀರು.

ಘಟಕ ಬಂದಾಗ ನಮ್ಮೂರಿನ ಹಾಗೇ ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಸಿಗುತ್ತಿತ್ತು. ದೀಪಾವಳಿ ಆದ ಮೇಲೆ ನಿಮ್ಮವರು ಬಂದು ನಾಣ್ಯದ ಕಿಂಡಿಗೆ ಟೇಪ್ ಅಂಟಿಸಿ ಹೋದರು. ಈಗ ಕಾರ್ಡೇ ಬೇಕು. ಕಾರ್ಡಿಗೆ 100 ರೂಪಾಯಿ, ರೀಚಾರ್ಜ್ 200ಕ್ಕಿಂತ ಕಡಿಮೆಗೆ ಮಾಡುವುದಿಲ್ಲ. ನಮಗೆ ಖರ್ಚಿ ಕೊಡುವುದು ವಾರಕ್ಕೊಮ್ಮೆ, ಸಂತೆಯ ದಿನ. ಮುಂದಿನ ಸಂತೆ ಹತ್ತಿರ ಬರುವಷ್ಟರಲ್ಲಿ ಕೈಯಲ್ಲಿ ಹತ್ತೋ ಇಪ್ಪತ್ತೋ ಉಳಿದಿರುತ್ತದೆ. ಹತ್ತು ರೂಪಾಯಿ ಇದ್ದವಳು ಮೊದಲು ಎರಡು ಕ್ಯಾನ್ ತುಂಬಿಕೊಂಡು ಹೋಗುತ್ತಿದ್ದಳು, ಈಗ ಅವಳಿಗೆ ಒಂದು ಲೋಟ ನೀರೂ ಇಲ್ಲ. ಅಂಗಡಿಯಲ್ಲಿ ಜಾರ್ 40 ರೂಪಾಯಿ. ಪಕ್ಕದ ಶೆಡ್ಡಿನ ಬಾಣಂತಿ ಹೋದ ವಾರ ಎರಡು ದಿನ ಟ್ಯಾಂಕರ್ ನೀರನ್ನೇ ಸೀರೆಯಲ್ಲಿ ಸೋಸಿ ಕುಡಿದಳು. ನೋಡಿ ನನಗೆ ತಡೆದುಕೊಳ್ಳಲು ಆಗಲಿಲ್ಲ, ಅದಕ್ಕೇ ಈ ಪತ್ರ.

ಕಾರ್ಡ್ ಇದ್ದವರಿಗೂ ಪೂರ್ತಿ ನೀರು ಬರುತ್ತಿಲ್ಲ. ಕಾರ್ಡಿನಿಂದ 7 ರೂಪಾಯಿ ಕಡಿತವಾಗುತ್ತದೆ, ಕ್ಯಾನಿನ ಕುತ್ತಿಗೆಗಿಂತ ನಾಲ್ಕು ಬೆರಳು ಕೆಳಗೇ ನೀರು ನಿಂತುಬಿಡುತ್ತದೆ. ಹಾಲಿನವರ ಒಂದು ಲೀಟರಿನ ಮಾಪು ಕೇಳಿ ತಂದು ಮೂರು ದಿನ ಬೆಳಿಗ್ಗೆ ಅಳೆದೆವು. ಒಂದು ದಿನವೂ 17 ಲೀಟರ್ ದಾಟಲಿಲ್ಲ. ಮಗಳು ಶಾಲೆಯ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟಿದ್ದಾಳೆ, ಪುಟದ ನಕಲು ಜೊತೆಗಿದೆ. ಘಟಕ ನೋಡಿಕೊಳ್ಳುವ ಹುಡುಗನನ್ನು ದಯವಿಟ್ಟು ಬೈಯಬೇಡಿ. ಅವನು ನಮ್ಮೆದುರೇ ನಿಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದ್ದಾನೆ.

ಇನ್ನು ನೀರಿನ ವಿಚಾರ. ಒಂದು ತಿಂಗಳಿಂದ ತೊಗರಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿದೆ. ಚಹಾದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂತಿದೆ, ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಏಳುತ್ತದೆ. ಇದು ಬೋರಿನ ಗಡಸು ನೀರಿನ ಲಕ್ಷಣ. ನೀರಿನ ಉಪ್ಪು ಸೋಸುವ ಆರ್‌ಒ ಮೆಂಬ್ರೇನ್ ಸರಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಉಪ್ಪನ್ನೇ ತಡೆಯದ ಮೆಂಬ್ರೇನ್ ರೋಗಾಣುವನ್ನು ತಡೆಯುತ್ತದೆ ಎಂದು ನಾವು ಹೇಗೆ ನಂಬುವುದು? 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಎಂಬ ರೋಗಾಣು ಒಂದೂ ಇರಬಾರದು ಎಂಬ, ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ನಿಯಮವನ್ನು ನೀವೇ ಫಲಕದಲ್ಲಿ ಬರೆಸಿದ್ದೀರಿ. ಅದರ ಕೆಳಗೆ ಪರೀಕ್ಷೆಯ ದಿನಾಂಕ ಬರೆಯುವ ಜಾಗ ಖಾಲಿ ಇದೆ.

2025ರ ಜನವರಿಯಲ್ಲಿ ಇದೇ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಜಿಬಿಎಸ್ (ಗಿಲನ್-ಬಾರೆ ಸಿಂಡ್ರೋಮ್) ಎಂಬ ನರಗಳ ಕಾಯಿಲೆ ಹಬ್ಬಿದಾಗ ಕೈಕಾಲು ಸ್ವಾಧೀನ ತಪ್ಪಿ ಜನ ಆಸ್ಪತ್ರೆ ಸೇರಿದ್ದರು, ಕೆಲವರು ತೀರಿಕೊಂಡರು. ಕೆಟ್ಟ ನೀರಿನ ಮೇಲೆ ಅನುಮಾನ ಬಂದು ಮಹಾನಗರಪಾಲಿಕೆಯವರು ಎಷ್ಟೋ ಖಾಸಗಿ ಆರ್‌ಒ ಘಟಕಗಳಿಗೆ ಬೀಗ ಹಾಕಿದರು. ಆ ದಿನಗಳ ಭಯ ನಮಗಿನ್ನೂ ಹೋಗಿಲ್ಲ. ನಿಮ್ಮ ಘಟಕಕ್ಕೂ ಬೀಗ ಬೀಳಲಿ ಎಂದು ನಾವು ಬಯಸುವುದಿಲ್ಲ. ಅದು ಮುಚ್ಚಿದರೆ ಹೋಗಲು ಬೇರೆ ಜಾಗವಿಲ್ಲ.

ಆದ್ದರಿಂದ ನಾಣ್ಯದ ಕಿಂಡಿ ಮೊದಲು ತೆರೆಯಿರಿ, ಬೇಕಾದವರು ಕಾರ್ಡ್ ಬಳಸಲಿ. ಮೆಂಬ್ರೇನ್ ಬದಲಿಸಿ, ಅಳತೆ ಸರಿಪಡಿಸಿ, ಪ್ರಯೋಗಾಲಯದ ವರದಿಯನ್ನು ಕನ್ನಡ ಮತ್ತು ಮರಾಠಿಯಲ್ಲಿ ಘಟಕದ ಗೋಡೆಗೆ ಅಂಟಿಸಿ. ಹದಿನೈದು ದಿನದಲ್ಲಿ ಯಾರೂ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೂ ತೂಕ ಮತ್ತು ಅಳತೆ ಇಲಾಖೆಗೂ ದೂರು ಕೊಡುತ್ತೇವೆ. ನಿಮ್ಮವರು ಬರುವುದಾದರೆ ಬೆಳಿಗ್ಗೆ ಏಳರೊಳಗೆ ಬರಲಿ, ಆಮೇಲೆ ಎಲ್ಲರೂ ಸೈಟಿಗೆ ಹೋಗಿರುತ್ತೇವೆ.

ಇಂತಿ,
ಓಣಿಯ ಎಲ್ಲರ ಪರವಾಗಿ,
ನಿಮ್ಮ ಗ್ರಾಹಕಿ,
ಧಾಯರಿ, ಪುಣೆ.