ಮಕ್ಕಳ ಔಷಧಿ ಇನ್ನು ತೂಕ ನೋಡಿ, ಮಿ.ಲೀ. ಲೆಕ್ಕದಲ್ಲಿ

ಕೋಲಾರದ ನಮ್ಮ ಸಹಕಾರಿ ಔಷಧಿ ಮಳಿಗೆಯ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಮಳಿಗೆಯ ಮಕ್ಕಳ ವಿಭಾಗದಲ್ಲಿ ಪದ್ಧತಿ ಬದಲಾಗುತ್ತಿದೆ. "ಮಗೂಗೆ ಜ್ವರ, ಒಂದು ಸಿರಪ್ ಕೊಡಿ" ಎಂದರೆ ಮೊದಲಿನ ಹಾಗೆ ಬಾಟಲಿ ತೆಗೆದು ಕೈಗಿಡುವುದಿಲ್ಲ, ಮೊದಲು ಮಗುವಿನ ತೂಕ ಕೇಳುತ್ತೇವೆ. ಜಿಲ್ಲೆಯ ಮಕ್ಕಳ ವೈದ್ಯರ ಸಂಘದವರ ಜತೆ ಕೂತು, ಕಪಾಟಿನಲ್ಲಿದ್ದ ಮಕ್ಕಳ ಔಷಧಿಗಳನ್ನು ಒಂದೊಂದಾಗಿ ನೋಡಿ ಮಾಡಿದ ತೀರ್ಮಾನವಿದು. ಸಂಘದ ವೈದ್ಯರೂ ತಮ್ಮ ಚೀಟಿಗಳಲ್ಲಿ ಮಗುವಿನ ತೂಕ, ಔಷಧಿಯ ಪವರ್, ಪ್ರತಿ ಸಲ ಎಷ್ಟು ಮಿ.ಲೀ. ಎಂಬ ಮೂರನ್ನೂ ಬರೆಯಲು ಒಪ್ಪಿದ್ದಾರೆ. ಬರೀ "ಒಂದು ಚಮಚ" ಎಂದಿರುವ ಚೀಟಿ ಬಂದರೆ ನಾವು ಬರೆದವರಿಗೆ ಫೋನ್ ಮಾಡಿ ಕೇಳಿಯೇ ಕೊಡುತ್ತೇವೆ. ಹತ್ತು ಹದಿನೈದು ನಿಮಿಷ ತಡವಾಗಬಹುದು, ದಯವಿಟ್ಟು ಕಾಯಿರಿ.

ಇಷ್ಟು ಬಿಗಿ ಯಾಕೆ ಎಂಬುದಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಈ ಔಷಧಿ ದ್ರವರೂಪದಲ್ಲಿ ಮುಖ್ಯವಾಗಿ ಮೂರು ಪವರ್‌ನಲ್ಲಿ ಸಿಗುತ್ತದೆ. ಸಾಮಾನ್ಯ ಸಿರಪ್‌ನ 5 ಮಿ.ಲೀ.ಯಲ್ಲಿ 120 ಅಥವಾ 125 ಮಿ.ಗ್ರಾಂ, ಡಬಲ್ ಪವರ್ ಸಿರಪ್‌ನ 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ ಇರುತ್ತದೆ. ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಹಸುಗೂಸಿಗೆ ಕೊಡುವುದಲ್ಲವೇ, ಡ್ರಾಪ್ಸ್ ಹಗುರ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜ ಅದಕ್ಕೆ ತಿರುಗಾಮುರುಗಾ: ಮೂರರಲ್ಲಿ ಅತಿ ಗಟ್ಟಿ ಅದೇ. ಕಡಿಮೆ ಹನಿಯಲ್ಲಿ ಪೂರ್ತಿ ಔಷಧಿ ಒಳಗೆ ಹೋಗಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಒಂದು ಸಲಕ್ಕೆ ಕೊಡಬೇಕಾದದ್ದು ಕೆಜಿ ತೂಕಕ್ಕೆ 10ರಿಂದ 15 ಮಿ.ಗ್ರಾಂ. ಹತ್ತು ಕೆಜಿ ಮಗುವಿಗೆ ಹೆಚ್ಚೆಂದರೆ 150 ಮಿ.ಗ್ರಾಂ. ಸಾಮಾನ್ಯ ಸಿರಪ್ ಆದರೆ ಅದು ಸುಮಾರು 6 ಮಿ.ಲೀ., ಡಬಲ್ ಪವರ್ ಆದರೆ 3, ಡ್ರಾಪ್ಸ್ ಆದರೆ ಒಂದೂವರೆ. ಅದೇ ಮಗುವಿಗೆ ಡ್ರಾಪ್ಸ್ ಬಾಟಲಿಯಿಂದ ಒಂದು ಚಮಚ, ಅಂದರೆ 5 ಮಿ.ಲೀ. ಹಾಕಿದರೆ 500 ಮಿ.ಗ್ರಾಂ ಹೋಯಿತು, ಮೂರು ಪಟ್ಟಿಗೂ ಹೆಚ್ಚು. ಹೀಗೇ ಮತ್ತೆ ಮತ್ತೆ ಕೊಟ್ಟರೆ ಪೆಟ್ಟು ಬೀಳುವುದು ಲಿವರ್‌ಗೆ. ಅದರ ಲಕ್ಷಣ ಕೂಡಲೇ ಕಾಣುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಕಾಣುತ್ತದೆ. ಹಾಗಾಗಿ ಹೆಚ್ಚು ಹೋಗಿದೆ ಎಂಬ ಅನುಮಾನ ಬಂದರೆ, ಮಗು ಆಡಿಕೊಂಡಿದ್ದರೂ, ಬಾಟಲಿ ಸಮೇತ ಆಗಲೇ ಆಸ್ಪತ್ರೆಗೆ ಹೋಗಿ. ಎರಡು ಡೋಸ್ ನಡುವೆ ಕಡೇಪಕ್ಷ ನಾಲ್ಕು ಗಂಟೆ ಇರಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ನಮ್ಮಲ್ಲಿಗೆ ಬರುವುದೇ ಬೇಡ, ನೇರ ವೈದ್ಯರ ಹತ್ತಿರ.

ಪ್ರತಿ ಬಾಟಲಿಯ ಜತೆ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಉಚಿತವಾಗಿ ಕೊಡುತ್ತೇವೆ. ನಿಮ್ಮ ಮಗುವಿನ ಅಳತೆಗೆ ಅದರ ಮೇಲೆ ಕೆಂಪು ಗೆರೆ ಎಳೆದಿರುತ್ತೇವೆ. ಅಡುಗೆಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ, ಅವು ಬೇಡವೇ ಬೇಡ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿದು ಕೊನೆಯ ಡೋಸ್‌ಗಳು ಗಟ್ಟಿಯಾಗುತ್ತವೆ. ಸಿರಿಂಜಿನ ತುದಿಗೆ ಮುಚ್ಚಳ ಇದ್ದರೆ ಮೊದಲು ತೆಗೆದೆಸೆಯಿರಿ, ಅದು ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮಗುವನ್ನು ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ತೂಕ ಗೊತ್ತಿಲ್ಲದಿದ್ದರೆ ಮಳಿಗೆಯ ತಕ್ಕಡಿಯಲ್ಲೇ ನೋಡೋಣ, ಸ್ವೆಟರ್, ಟೋಪಿ ತೆಗೆದು ಮಲಗಿಸಿದರಾಯಿತು.

ಕೆಮ್ಮು ನೆಗಡಿಯ ಸಿರಪ್ ವಿಷಯಕ್ಕೆ ಬಂದರೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವುದೇ ಇಲ್ಲ. ಎರಡರಿಂದ ಐದು ವರ್ಷದವರಿಗೆ ವೈದ್ಯರ ಚೀಟಿ ಇದ್ದರೆ ಮಾತ್ರ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೊರಡಿಸಿದ ಸೂಚನೆಯೂ ಎರಡು ವರ್ಷದೊಳಗೆ ಬೇಡ, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದೇ ಹೇಳುತ್ತದೆ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆ ರಾಸಾಯನಿಕ ಬೆರೆತ ಸಿರಪ್ ಕುಡಿದು, ಕಿಡ್ನಿ ಕೆಟ್ಟು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡ ಸಮಯ ಅದು. ಕಲಬೆರಕೆ ಇಲ್ಲದ ಸಿರಪ್ ಆದರೂ ಪುಟ್ಟ ಮಕ್ಕಳ ನೆಗಡಿಗೆ ಅದರಿಂದ ಉಪಯೋಗ ಕಡಿಮೆ, ಮಂಪರು, ಎದೆಬಡಿತದ ಏರುಪೇರಿನ ಅಪಾಯ ಹೆಚ್ಚು. ಮೂಗು ಕಟ್ಟಿದ್ದರೆ ಮೂಗಿಗೆ ಸಲೈನ್ (ಉಪ್ಪುನೀರಿನ) ಹನಿ, ಕೆಮ್ಮಿಗೆ ವರ್ಷ ತುಂಬಿದ ಮಗುವಿಗೆ ಅರ್ಧ ಚಮಚ ಜೇನುತುಪ್ಪ ಸಾಕು. ವರ್ಷ ತುಂಬದವರಿಗೆ ಜೇನು ನೆಕ್ಕಿಸಲೂಬೇಡಿ. ಮಗು ಅಳದೆ ಸುಮ್ಮನಿರುವಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ: ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿದರೆ, ಅಥವಾ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ, ಅದು ಬರೀ ಕೆಮ್ಮಲ್ಲ. ತಡಮಾಡಬೇಡಿ.

ಇನ್ನು ಒಆರ್‌ಎಸ್, ಅಂದರೆ ಬೇಧಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ. ಅದರ ಹೆಸರಿನಲ್ಲಿ ಬರುತ್ತಿದ್ದ ಹಣ್ಣಿನ ರುಚಿಯ ಸಿಹಿ ಪಾನೀಯಗಳ ಡಬ್ಬಿಗಳನ್ನು ತೆಗೆದುಹಾಕಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಒಆರ್‌ಎಸ್ ಎಂದು ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೂ 2025ರ ಅಕ್ಟೋಬರ್‌ನಲ್ಲೇ ಆದೇಶಿಸಿದೆ. ಹೆಚ್ಚಿನ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆದು ಬೇಧಿಯನ್ನು ಜಾಸ್ತಿ ಮಾಡುತ್ತದೆ. ಸರಿಯಾದ ಪುಡಿಯಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಒಟ್ಟು 20.5 ಗ್ರಾಂ ಇರುತ್ತದೆ. ಇದರ ಗುಣವೆಲ್ಲ ಈ ಅಳತೆಯಲ್ಲೇ ಇದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ರಕ್ತದಲ್ಲಿ ಉಪ್ಪಿನಂಶ ಅಪಾಯಕ್ಕೆ ಏರಬಹುದು. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಎಷ್ಟು ಬಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೆ ಒಂದೇ ಸಲ ಹಾಕಿ. ಚೊಂಬಿನ ಅಳತೆ ನಂಬಬೇಡಿ, ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿ ತೊಳೆದಿಟ್ಟುಕೊಳ್ಳಿ.

ನಮ್ಮ ಸೀಮೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಅದು ಕುದಿಸಿದರೆ ಹೋಗುವುದಲ್ಲ. ಆದ್ದರಿಂದ ಶುದ್ಧ ನೀರಿನ ಘಟಕದ ನೀರನ್ನು ತಂದು, ಕ್ಯಾನ್‌ನಲ್ಲಿ ಸೇರಿರಬಹುದಾದ ಕ್ರಿಮಿಗಾಗಿ ಕುದಿಸಿ ಆರಿಸಿ, ಆಮೇಲೆ ಪುಡಿ ಹಾಕಿ. ಬೆರೆಸಿದ ಮೇಲೆ ಕಾಯಿಸಬಾರದು, 24 ಗಂಟೆ ದಾಟಿದರೆ ಚೆಲ್ಲಬೇಕು. ಪ್ರತಿ ಬೇಧಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರುಮಾಡಿ. ಎದೆಹಾಲು, ರಾಗಿ ಗಂಜಿ ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಬೇಧಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ. ಅಪರಾತ್ರಿಯಾದರೆ 108ಕ್ಕೆ ಫೋನ್ ಮಾಡಿ.

ಒಆರ್‌ಎಸ್ ಜತೆ ವೈದ್ಯರು ಬರೆಯುವ ಜಿಂಕ್ 14 ದಿನದ್ದು: ಆರು ತಿಂಗಳು ಮೇಲ್ಪಟ್ಟವರಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳವರಿಗೆ 10. ಬೇಧಿ ನಿಂತಿತೆಂದು ಮೂರನೇ ದಿನಕ್ಕೇ ಬಿಡುವವರೇ ಹೆಚ್ಚು. ಹಾಗಾಗಿ ಬಿಡಿ ಮಾತ್ರೆ ಮಾರದೆ ಪೂರ್ತಿ ಕೋರ್ಸ್ ಕೊಡುತ್ತೇವೆ.

ಈ ಬದಲಾವಣೆಯಿಂದ ಮಳಿಗೆಯ ವ್ಯಾಪಾರ ಸ್ವಲ್ಪ ಇಳಿಯುತ್ತದೆ. ಆಡಳಿತ ಮಂಡಳಿ ಅದನ್ನು ತಿಳಿದೇ ಒಪ್ಪಿದೆ, ಬೇರೆ ಔಷಧಿಗಳ ಬೆಲೆ ಏರಿಸುವುದಿಲ್ಲ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಪ್ರತಿವರ್ಷ ಜುಲೈ 25ರಿಂದ 31ರವರೆಗೆ ನಡೆಸುವ ಒಆರ್‌ಎಸ್ ಸಪ್ತಾಹದಲ್ಲಿ ಮಳಿಗೆಯ ಮುಂದೆ ಬೆರೆಸುವ ಕ್ರಮವನ್ನು ಮಾಡಿ ತೋರಿಸುತ್ತೇವೆ, ಅಜ್ಜಿಯರನ್ನೂ ಕರೆತನ್ನಿ.

ಮುಂದಿನ ಸಲ ಬರುವಾಗ ಮಗುವಿನ ತೂಕ ಬರೆದಿರುವ ತಾಯಿ ಕಾರ್ಡ್ ಜತೆಗಿರಲಿ, ಮನೆಯಲ್ಲಿ ಅರ್ಧ ಉಳಿದ ಮಕ್ಕಳ ಸಿರಪ್ ಬಾಟಲಿಗಳನ್ನೂ ತನ್ನಿ. ಯಾವುದು ಇಟ್ಟುಕೊಳ್ಳಬೇಕು, ಯಾವುದು ಎಸೆಯಬೇಕು ಎಂದು ಕೌಂಟರಿನಲ್ಲೇ ನೋಡಿ ಹೇಳುತ್ತೇವೆ.

ಇಂತಿ,
ಆಡಳಿತ ಮಂಡಳಿ ಮತ್ತು ಫಾರ್ಮಸಿಸ್ಟರು
ಸಹಕಾರಿ ಔಷಧಿ ಮಳಿಗೆ, ಕೋಲಾರ