ಹಾಡು ಎಲ್ಲಿ, ವಾದ್ಯ ಯಾವುದು?

ಪ್ರೀತಿಯ ತಮ್ಮಾ,

ನಾಟಕ ಓದಿದೆ. ಎರಡನೇ ದೃಶ್ಯದಲ್ಲಿ ತಾಯಿ-ಮಗನ ಜಗಳ ತುಂಬ ಚೆನ್ನಾಗಿ ಬಂದಿದೆ. ಆದರೆ ಜಗಳ ಮುಗಿದ ತಕ್ಷಣ ತಾಯಿ ಬಾಯಲ್ಲಿ ಹಾಡೊಂದನ್ನು ಇಟ್ಟಿದ್ದೀಯಲ್ಲ, ಅದು ಯಾಕೆ? ಮಾತಿನಲ್ಲಿ ಅತ್ತಾಯಿತು. ಮತ್ತೆ ರಾಗದಲ್ಲೂ ಅಳಬೇಕಾ?

ಮಾತು ಹೇಳಿದ್ದನ್ನೇ ಹೇಳುವ ಹಾಡು ನಾಟಕಕ್ಕೆ ಬೇಡ. ಮಾತಿಗೆ ಎದುರು ನಿಲ್ಲುವ ಹಾಡು ಸಿಕ್ಕರೆ ಬಿಡಬೇಡ. ಜಡಭರತರ 'ಸತ್ತವರ ನೆರಳು' ನಾಟಕಕ್ಕೆ ನಿರ್ದೇಶಕ ಬಿ.ವಿ. ಕಾರಂತರು ಪುರಂದರದಾಸರ ಪದಗಳನ್ನು ತಂದರು. ಕಥೆ ಮಠದೊಳಗಿನ ರಾಜಕೀಯದ್ದು. ರಂಗದ ಮೇಲೆ ಅಧಿಕಾರದ ಆಸೆ, ಹಾಡಿನಲ್ಲಿ ಭಕ್ತಿ. ನಗಬೇಕೋ ಕೈ ಮುಗಿಯಬೇಕೋ ಗೊತ್ತಾಗುವುದಿಲ್ಲ. ದಾಸರ ಪದದ ಬದಲು ಮಠವನ್ನು ಬೈಯುವ ಹೊಸ ಹಾಡು ಬರೆಸಿದ್ದರೆ ಅರ್ಧ ಮಜಾ ಹೋಗುತ್ತಿತ್ತು, ಅಲ್ವಾ?

ಇನ್ನು ವಾದ್ಯ. ಕೀಬೋರ್ಡ್ ಸಾಕಾ ಎಂದು ಕೇಳಿದ್ದೀಯ. ನನ್ನ ಓಟು ಹಾರ್ಮೋನಿಯಂಗೆ. ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟರು. ಸ್ವರವನ್ನು ತೂಗಿ ಹಾಡುವ ಗಮಕ ಅದರಲ್ಲಿ ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ ಎಂಬ ತಕರಾರು. ಕಛೇರಿಗೆ ಆ ಮಾತು ಸರಿ ಇರಬಹುದು. ಆದರೆ ನಟ ಕಛೇರಿ ಗಾಯಕನಲ್ಲ. ಕುಣಿದು, ಓಡಿ, ಏದುಸಿರು ಬಿಡುತ್ತಾ ಹಾಡಬೇಕು. ಅವನಿಗೆ ಬೇಕಾದದ್ದು ಕೈಬಿಡದ ಶ್ರುತಿ. ಮೈಕ್ ಇಲ್ಲದ ಕಾಲದಲ್ಲಿ ಕಂಪನಿ ನಾಟಕದವರು ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ ಇಟ್ಟುಕೊಂಡಿದ್ದು ಸುಮ್ನೆ ಅಲ್ಲ. ಎರಡೂ ಕೈ ನುಡಿಸಲು ಸಿಗುತ್ತಿತ್ತು, ಸದ್ದು ಟೆಂಟಿನ ಕೊನೆಯ ಸಾಲಿಗೂ ಮುಟ್ಟುತ್ತಿತ್ತು.

ಶ್ರುತಿಯನ್ನು ಮಾತ್ರ ತಾಯಿ ಪಾತ್ರದವಳ ಗಂಟಲು ನೋಡಿ ಇಡಿಸು. ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ, ಅವಳಿಗೆ ಜಾಸ್ತಿ ಆದರೆ ಇಳಿಸಿ, ಸಂಗೀತದ ಮೇಷ್ಟ್ರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಚೆಂಡೆ ಬೇಕೆಂದು ಬರೆದಿದ್ದೀಯ. ಅದು ಬಯಲಿಗೆ ಹುಟ್ಟಿದ ವಾದ್ಯ. ನಿಮ್ಮ ಸಣ್ಣ ಹಾಲ್‌ನಲ್ಲಿ ಸಂಭಾಷಣೆಯನ್ನೇ ನುಂಗಿಬಿಡುತ್ತದೆ. ಮಾತಿಲ್ಲದ ಕಡೆ, ಆ ಕೋಲಾಟದ ಜಗಳದಲ್ಲಿ ಮಾತ್ರ ಬಾರಿಸಲಿ. ಉಳಿದದ್ದಕ್ಕೆ ಢೋಲಕ್, ತಾಳ ಸಾಕು.

ರೆಕಾರ್ಡ್ ಮಾಡಿದ ಟ್ರ್ಯಾಕ್ ಬೇಡವೇ ಬೇಡ. ಜನ ಚಪ್ಪಾಳೆ ಹೊಡೆದರೆ ಅದು ಕಾಯುವುದಿಲ್ಲ. ನಟ ಒಂದು ಸಾಲು ಮರೆತರೂ ಕಾಯುವುದಿಲ್ಲ. ಹಾರ್ಮೋನಿಯಂನವರನ್ನು ತಾಲೀಮಿನ ಮೊದಲ ದಿನದಿಂದಲೇ ಕೂರಿಸಿಕೊಳ್ಳಿ. ಖರ್ಚು ಬರುತ್ತದೆ, ಗೊತ್ತು. ಸೆಟ್‌ನಲ್ಲಿ ಆ ಎರಡು ಕಂಬ ಕಡಿಮೆ ಮಾಡಿ.

ಎರಡನೇ ದೃಶ್ಯದ ಹಾಡು ತೆಗೆದು ಮತ್ತೆ ಕಳಿಸು. ನಾಲ್ಕನೆಯದರ ಸುಗ್ಗಿ ಹಾಡು ಮಾತ್ರ ಮುಟ್ಟಬೇಡ.

ಇಂತಿ,
ನಿನ್ನ ಅಣ್ಣ